ಕಪ್ಪು ಪರದೆಗೆ ನೆನಪೋಲೆ ಕಳುಹಿಸುವುದನ್ನು ನಿಲ್ಲಿಸುವ ಬಗ್ಗೆ

ಎಣಿಕೆ ಇಲಾಖೆ, ನಗರ ಶಾಖೆ
ಮೂರನೆಯ ಮಹಡಿ (ಲಿಫ್ಟ್ ಇದೆ, ಸದ್ಯ ಅದರಲ್ಲಿ ಮುರಿದ ಕುರ್ಚಿಗಳನ್ನು ಇಡಲಾಗಿದೆ)

ಸುತ್ತೋಲೆ ಸಂಖ್ಯೆ: ಎಇ/ನಶಾ/ಕಪ/೧೭/ಪರಿಷ್ಕೃತ/ಮರುಪರಿಷ್ಕೃತ

ವಿಷಯ: ಅಂಕಿ-ಅಂಶಗಳ ಸ್ಕ್ರಿಪ್ಟುಗಳನ್ನು ಕಮಾಂಡ್ ಲೈನಿನಿಂದ, ಅಂದರೆ ಕಪ್ಪು ಪರದೆಯಿಂದ, ಓಡಿಸುವಾಗ ಹೊಸಬರು (ಅಂದರೆ ನಾವೆಲ್ಲರೂ) ಪಾಲಿಸಬೇಕಾದ ಶಿಸ್ತಿನ ಕುರಿತು.

ಉಲ್ಲೇಖ:
೧. ಈ ಕಚೇರಿಯ ಸುತ್ತೋಲೆ ೧೫: ‘ಕಪ್ಪು ಪರದೆಯನ್ನು ಯಾರೂ ಮುಟ್ಟತಕ್ಕದ್ದಲ್ಲ.’
೨. ಈ ಕಚೇರಿಯ ಸುತ್ತೋಲೆ ೧೬: ‘ಕಪ್ಪು ಪರದೆಯನ್ನು ಎಲ್ಲರೂ ಮುಟ್ಟತಕ್ಕದ್ದು.’
೩. ರಸ್ತೆ ಇಲಾಖೆಯ ಪತ್ರ, ಕೆಂಪು ಶಾಯಿಯಲ್ಲಿ ಎರಡೆರಡು ಅಡಿಗೆರೆ ಎಳೆದದ್ದು.
೪. ಬಾವುಟದಕ್ಕ ನಡುರಸ್ತೆಯಲ್ಲಿ ನಿಲ್ಲಿಸಿ ನಡೆಸಿದ ಮೌಖಿಕ ವಿಚಾರಣೆ.

ಪೀಠಿಕೆ:

ಈ ಕಚೇರಿಯ ಸಮಸ್ತ ಸಿಬ್ಬಂದಿಯ ಗಮನಕ್ಕೆ, ಅದರಲ್ಲೂ ಯಾವುದನ್ನೂ ಗಮನಿಸದವರ ಗಮನಕ್ಕೆ, ತರಲಾಗುತ್ತಿರುವುದೇನೆಂದರೆ:

ನಮ್ಮ ಗೇಟಿಗೂ ಎದುರಿನ ಬಸ್ ನಿಲ್ದಾಣಕ್ಕೂ ನಡುವೆ ಇರುವ ರಸ್ತೆಯಲ್ಲಿ ಕೆಂಪು ಬಾವುಟ ಹಿಡಿದು, ವಾಹನಗಳನ್ನು ನಿಲ್ಲಿಸಿ, ಜನರನ್ನು ಆಚೆ ಈಚೆ ದಾಟಿಸುವ ಮಹಿಳೆಯೊಬ್ಬರಿದ್ದಾರೆ. ಅವರ ಹುದ್ದೆಯ ಹೆಸರು ‘ಪಾದಚಾರಿ ದಾಟು ಸಹಾಯಕಿ’. ಆ ಹೆಸರಿನಿಂದ ಅವರನ್ನು ಯಾರೂ ಕರೆದದ್ದಿಲ್ಲ. ಎಲ್ಲರಿಗೂ ಅವರು ಬಾವುಟದಕ್ಕ. ಅವರ ಕೆಲಸದ ವೇಳೆ ಬೆಳಗ್ಗೆ ಏಳರಿಂದ ಸಂಜೆ ಏಳು. ದಿನಕ್ಕೆ ಸರಾಸರಿ ಸಾವಿರಕ್ಕಿಂತ ಕಡಿಮೆ ಜನ ದಾಟುವ ಕಡೆ ಇಂಥ ಹುದ್ದೆಯನ್ನು ಈ ತಿಂಗಳ ಕೊನೆಗೆ ರದ್ದು ಮಾಡುವುದೆಂದು ರಸ್ತೆ ಇಲಾಖೆ ಉಲ್ಲೇಖ ೩ರಲ್ಲಿ ತಿಳಿಸಿದೆ. ಕಳೆದ ವರ್ಷದವರೆಗೆ ಈ ಮಿತಿ ಐನೂರು ಇತ್ತು. ಈಗ ಸಾವಿರವಾದದ್ದು ಯಾಕೆಂದು ಕೇಳಲಾಗಿ, ಸಾವಿರ ಎಂಬುದು ದುಂಡಗಿನ ಸಂಖ್ಯೆ ಎಂಬ ಉತ್ತರ ಬಂದಿದೆ.

ಎಷ್ಟು ಜನ ದಾಟುತ್ತಾರೆಂದು ಲೆಕ್ಕ ಹಾಕಿ ಹೇಳುವ ಕೆಲಸ ನಮ್ಮ ಇಲಾಖೆಯದು. ದೀಪದ ಕಂಬಕ್ಕೆ ಕಟ್ಟಿರುವ ಎಣಿಕೆ ಪೆಟ್ಟಿಗೆಯೊಂದು ದಾಟಿದವರನ್ನೆಲ್ಲ ಗುರುತು ಹಾಕಿಕೊಳ್ಳುತ್ತದೆ. ಆ ಗುರುತುಗಳನ್ನು ಕೂಡಿ, ಭಾಗಿಸಿ, ಸರಾಸರಿ ಹೇಳುವುದು ‘ದಾಟು’ ಎಂಬ ಹೆಸರಿನ ಸ್ಕ್ರಿಪ್ಟ್, ಅಂದರೆ ಯಂತ್ರಕ್ಕೆಂದು ಬರೆದಿಟ್ಟ ಆಜ್ಞೆಗಳ ಕಡತ. ಅದನ್ನು ಬರೆದ ಪ್ರೋಗ್ರಾಮರ್ ಮೀನುಗಾರಿಕೆ ಇಲಾಖೆಗೆ ವರ್ಗವಾಗಿ ಹೋಗಿದ್ದಾರೆ. ಅವರಿಗೆ ಈಜು ಬರುವುದಿಲ್ಲ ಎಂಬ ಅವರ ಮನವಿ ಪರಿಶೀಲನೆಯಲ್ಲಿದೆ.

ಇಷ್ಟು ವರ್ಷ ಹಸಿರು ಗುಂಡಿಯೊಂದನ್ನು ಒತ್ತಿದರೆ ಸ್ಕ್ರಿಪ್ಟ್ ತಾನಾಗಿ ಓಡುತ್ತಿತ್ತು, ನಮಗೆ ತಲೆನೋವಿರಲಿಲ್ಲ. ಹಳೆಯ ಕಂಪ್ಯೂಟರ್ ಕಳೆದ ತಿಂಗಳು ಹೊಗೆ ಬಿಟ್ಟು ಸ್ವಯಂ ನಿವೃತ್ತಿ ಪಡೆದ ಮೇಲೆ ಬಂದ ಹೊಸದರಲ್ಲಿ ಹಸಿರು ಗುಂಡಿ ಇಲ್ಲ. ಒಂದು ಕಪ್ಪು ಪರದೆ, ಅದರ ಮೂಲೆಯಲ್ಲಿ ಮಿಣುಕುವ ಒಂದು ಗೆರೆ, ಇಷ್ಟೇ. ಅದರ ಮುಂದೆ ಇಡೀ ಕಚೇರಿ ಗರಬಡಿದಂತೆ ಕುಳಿತದ್ದರಿಂದ ಮತ್ತು ಆಮೇಲೆ ಎದ್ದು ಮಾಡಿದ ಕೆಲಸಗಳಿಂದ ಈ ಸುತ್ತೋಲೆ ಅನಿವಾರ್ಯವಾಗಿದೆ.

ಬಾವುಟದಕ್ಕನ ಹುದ್ದೆ ಉಳಿಯಿತೋ ಇಲ್ಲವೋ ಎಂಬುದನ್ನು ಕಂಡಿಕೆ ೧೩ರಲ್ಲಿ ಹೇಳಲಾಗಿದೆ. ನಡುವಿನ ಕಂಡಿಕೆಗಳನ್ನು ಓದದೆ ಅಲ್ಲಿಗೇ ಹಾರುವವರಿಂದ ಲಿಖಿತ ವಿವರಣೆ ಪಡೆಯಲಾಗುವುದು.

ಆದುದರಿಂದ ಕೆಳಕಂಡಂತೆ ಸೂಚಿಸಲಾಗಿದೆ.

೧. ಪರದೆ ಕಪ್ಪಾಗಿರುವುದು ದೋಷವಲ್ಲ. ಅದು ಅದರ ಬಣ್ಣ. ‘ಕಂಪ್ಯೂಟರಿಗೆ ಕರೆಂಟ್ ಬರುತ್ತಿಲ್ಲ’ ಎಂದು ಮೊದಲ ವಾರದಲ್ಲಿ ಮೂವರು ದೂರು ನೀಡಿದ್ದು, ಎಲೆಕ್ಟ್ರಿಷಿಯನ್ ಬಂದು, ಬಂದ ತಪ್ಪಿಗೆ ಟ್ಯೂಬ್‌ಲೈಟ್ ಬದಲಾಯಿಸಿ ಹೋಗಿರುತ್ತಾರೆ. ಮಿಣುಕುವ ಗೆರೆ ಯಾರನ್ನೂ ಅಣಕಿಸುತ್ತಿಲ್ಲ. ಅದು ನೀವು ಏನಾದರೂ ಬರೆಯಲೆಂದು ಕಾಯುತ್ತಿದೆ. ಕಾಯುವುದರಲ್ಲಿ ಅದಕ್ಕೆ ಈ ಕಚೇರಿಗೆ ಬರುವ ಸಾರ್ವಜನಿಕರಷ್ಟೇ ತಾಳ್ಮೆ ಇದೆ.

೨. ಸ್ಕ್ರಿಪ್ಟ್ ಓಡಿಸುವ ಕ್ರಮ: ಮೊದಲು ‘ಆರ್‌ಸ್ಕ್ರಿಪ್ಟ್’ (‘ಓಡಿಸು’ ಎಂಬುದಕ್ಕೆ ಯಂತ್ರದ ಭಾಷೆ) ಎಂದು ಬರೆದು, ಒಂದು ಜಾಗ ಬಿಟ್ಟು, ಓಡಿಸಬೇಕಾದ ಸ್ಕ್ರಿಪ್ಟಿನ ಹೆಸರು ಬರೆದು, ಎಂಟರ್ ಒತ್ತತಕ್ಕದ್ದು. ಇದಕ್ಕೆ ಮೊದಲು ‘ಮಾನ್ಯರೇ’ ಎಂದಾಗಲಿ, ಕೊನೆಗೆ ‘ತಮ್ಮ ವಿಶ್ವಾಸಿ’ ಎಂದಾಗಲಿ ಬರೆಯುವ ಅಗತ್ಯವಿಲ್ಲ. ಯಂತ್ರಕ್ಕೆ ಮರ್ಯಾದೆ ತಿಳಿಯದು. ಹಾಗೆಂದು ಏಕವಚನದಲ್ಲಿ ಬೈದರೂ ಅದಕ್ಕೆ ತಿಳಿಯದು. ಎರಡನ್ನೂ ಪ್ರಯತ್ನಿಸಿ ನೋಡಲಾಗಿದೆ.

೩. ತಾವು ಯಾವ ಫೋಲ್ಡರಿನಲ್ಲಿ ಇದ್ದೇವೆ ಎಂಬುದನ್ನು ಪ್ರತಿಯೊಬ್ಬರೂ ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಕಪ್ಪು ಪರದೆ ತೆರೆದಾಗ ನಾವು ಕಂಪ್ಯೂಟರಿನ ಹೊಸ್ತಿಲಲ್ಲಿ ನಿಂತಿರುತ್ತೇವೆ, ಸ್ಕ್ರಿಪ್ಟ್ ಒಳಕೋಣೆಯಲ್ಲಿರುತ್ತದೆ. ಹೊಸ್ತಿಲಲ್ಲಿ ನಿಂತು ಕೂಗಿದರೆ ‘ಅಂಥ ಫೈಲ್ ಇಲ್ಲ’ ಎಂಬ ಉತ್ತರವೇ ಬರುವುದು.

ಈ ಉತ್ತರ ಮೊದಲ ಸಲ ಬಂದಾಗ ದಾಖಲೆ ಕೊಠಡಿಯನ್ನು ನೋಡಿಕೊಳ್ಳುವ ಅಣ್ಣನವರು ಅದನ್ನು ತಮ್ಮ ವೃತ್ತಿಗೆ ಮಾಡಿದ ಅವಮಾನವೆಂದು ತಿಳಿದರು. ‘ನನ್ನ ಕೋಣೆಯಿಂದ ಇವತ್ತಿನವರೆಗೂ ಒಂದು ಕಾಗದ ಕಳೆದಿಲ್ಲ, ಇದ್ಯಾವುದ್ರೀ ಇಲ್ಲ ಅನ್ನೋಕೆ?’ ಎಂದು ಸಿಟ್ಟಾಗಿ, ಫೈಲ್ ಇರುವುದು ನಿಜವೆಂದು ದೃಢೀಕರಣ ಪತ್ರವೊಂದನ್ನು ತಯಾರಿಸಿ, ಸಹಿ ಹಾಕಿ, ದುಂಡು ಮೊಹರು ಒತ್ತಿ, ಪರದೆಗೆ ಅಂಟಿಸಿದರು. ಯಂತ್ರ ತನ್ನ ನಿಲುವು ಬದಲಾಯಿಸಲಿಲ್ಲ. ಪತ್ರ ಪರದೆಯ ಅರ್ಧ ಭಾಗವನ್ನು ಮುಚ್ಚಿದ್ದರಿಂದ ಮುಂದಿನ ಎರಡು ತಪ್ಪುಗಳು ಯಾರಿಗೂ ಕಾಣಿಸಲೂ ಇಲ್ಲ. ಇನ್ನು ಮುಂದೆ ದೃಢೀಕರಣ ಪತ್ರಗಳನ್ನು ಯಂತ್ರಕ್ಕೆ ಅಂಟಿಸತಕ್ಕದ್ದಲ್ಲ. ಅದರ ಬದಲು ‘ಸಿಡಿ’ ಎಂಬ ಎರಡು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು, ಫೋಲ್ಡರಿನ ಹೆಸರು ಬರೆದರೆ ಒಳಕೋಣೆಗೆ ಹೋಗಬಹುದು. ಚಪ್ಪಲಿ ಬಿಡಬೇಕಾಗಿಲ್ಲ.

೪. ಫೈಲುಗಳ ಹೆಸರಿನ ನಡುವೆ ಜಾಗ ಬಿಡುವುದನ್ನು ನಿಷೇಧಿಸಲಾಗಿದೆ. ನಮ್ಮಲ್ಲಿ ‘ಅಂತಿಮ’, ‘ನಿಜವಾದ ಅಂತಿಮ’, ‘ಸಾಹೇಬರು ನೋಡಿದ ನಿಜವಾದ ಅಂತಿಮ’ ಮತ್ತು ‘ಸಾಹೇಬರು ನೋಡದೆ ಸಹಿ ಹಾಕಿದ ಅಂತಿಮ’ ಎಂಬ ನಾಲ್ಕು ಫೈಲುಗಳು ಪತ್ತೆಯಾಗಿವೆ. ಕಪ್ಪು ಪರದೆ ಜಾಗ ಕಂಡಲ್ಲೆಲ್ಲ ಹೆಸರು ಮುಗಿಯಿತೆಂದು ತಿಳಿಯುತ್ತದೆ. ಹಾಗಾಗಿ ಕೊನೆಯ ಫೈಲನ್ನು ಕೇಳಿದಾಗ ಅದು ‘ಸಾಹೇಬರು’ ಎಂಬುವವರನ್ನು ಹುಡುಕಲು ಹೋಗಿ, ಅಂಥವರು ಯಾರೂ ಇಲ್ಲ ಎಂದು ವರದಿ ಮಾಡಿತು. ಇದನ್ನು ಓದಿ ಕೆಲವರು ನಕ್ಕದ್ದು ಕೆಳ ಸಹಿದಾರರ, ಅಂದರೆ ಈ ಸುತ್ತೋಲೆಗೆ ಸಹಿ ಹಾಕುವ ಸಾಹೇಬರ, ಗಮನಕ್ಕೆ ಬಂದಿದೆ.

೫. ಹೆಸರಿನ ಮೊದಲ ಎರಡಕ್ಷರ ಬರೆದು ಟ್ಯಾಬ್ ಕೀಲಿ ಒತ್ತಿದರೆ ಉಳಿದದ್ದನ್ನು ಯಂತ್ರವೇ ಪೂರ್ಣಗೊಳಿಸುತ್ತದೆ. ನಾವು ಬಾಯಿ ತೆರೆಯುವ ಮೊದಲೇ ನಮ್ಮ ಮಾತನ್ನು ಮುಗಿಸುವ ಅತ್ತಿಗೆಯಂದಿರು ಎಲ್ಲರ ಮನೆಯಲ್ಲೂ ಇರುವುದರಿಂದ ಇದಕ್ಕೆ ಪ್ರತ್ಯೇಕ ತರಬೇತಿ ಏರ್ಪಡಿಸಿಲ್ಲ.

೬. ಎಂಟರ್ ಒತ್ತುವ ಅಧಿಕಾರ: ಎಂಟರ್ ಒತ್ತುವುದು ಸಹಿ ಹಾಕಿದಷ್ಟೇ ಗಂಭೀರ ಕ್ರಿಯೆಯಾಗಿರುವುದರಿಂದ ಅದನ್ನು ಅಧೀಕ್ಷಕರ ದರ್ಜೆಗಿಂತ ಕೆಳಗಿನವರು ಒತ್ತಬಾರದೆಂದು ಸುತ್ತೋಲೆ ೧೬ರಲ್ಲಿ ಹೇಳಲಾಗಿತ್ತು. ಇದರ ಪರಿಣಾಮವಾಗಿ ಬೆಳಗ್ಗೆ ಬರೆದ ಆಜ್ಞೆಯೊಂದು, ಅಧೀಕ್ಷಕರು ಸಭೆಯಿಂದ ಬರುವವರೆಗೆ, ಸಂಜೆಯ ತನಕ ಪರದೆಯ ಮೇಲೆ ಕಾದು ಕುಳಿತಿತ್ತು. ಬಂದವರು ಅದನ್ನು ಓದಿ ‘ಚರ್ಚಿಸಿ’ ಎಂದು ಅದರ ಮುಂದೆಯೇ ಟೈಪ್ ಮಾಡಿ ಹೋದರು. ಸದರಿ ಅಧಿಕಾರವನ್ನು ಈಗ ಎಲ್ಲರಿಗೂ ವಹಿಸಲಾಗಿದೆ. ಆದರೆ ಒಂದೇ ಎಂಟರಿನ ಮೇಲೆ ಇಬ್ಬರು ಬೆರಳಿಡತಕ್ಕದ್ದಲ್ಲ.

೭. ಈಗ ಮುಖ್ಯವಾದ ವಿಷಯ. ಎಂಟರ್ ಒತ್ತಿದ ಮೇಲೆ ಸ್ಕ್ರಿಪ್ಟ್ ಸರಿಯಾಗಿ ಓಡಿದರೆ ಕಪ್ಪು ಪರದೆ ತುಟಿ ಪಿಟಕ್ಕೆನ್ನುವುದಿಲ್ಲ. ಉತ್ತರವನ್ನು ತೆಗೆದುಕೊಂಡು ಹೋಗಿ ಉತ್ತರದ ಫೈಲಿನಲ್ಲಿ ಇಟ್ಟು, ಮತ್ತೆ ಗೆರೆ ಮಿಣುಕಿಸುತ್ತಾ ಕೂರುತ್ತದೆ. ‘ಆಯಿತು’ ಎನ್ನುವುದಿಲ್ಲ, ‘ಸ್ವೀಕರಿಸಲಾಗಿದೆ’ ಎನ್ನುವುದಿಲ್ಲ, ರಶೀದಿ ಕೊಡುವುದಿಲ್ಲ.

ಸ್ವೀಕೃತಿ ಇಲ್ಲದೆ ಯಾವ ಕೆಲಸವೂ ಆಗಿದೆ ಎಂದು ನಂಬದಿರುವುದು ಈ ಇಲಾಖೆಯ ರಕ್ತದಲ್ಲೇ ಇದೆ. ಆದಕಾರಣ ಈ ಮೌನದಿಂದ ಎಲ್ಲರೂ ಕಂಗಾಲಾದೆವು. ಮೀನುಗಾರಿಕೆ ಇಲಾಖೆಗೆ ದೂರವಾಣಿ ಕರೆ ಮಾಡಲಾಗಿ, ಹಿನ್ನೆಲೆಯಲ್ಲಿ ದೋಣಿಯ ಸದ್ದಿನೊಂದಿಗೆ ಪ್ರೋಗ್ರಾಮರ್ ತಿಳಿಸಿದ್ದು: ‘ಸಾರ್, ಅದು ಸುಮ್ನಿದೆ ಅಂದ್ರೆ ಎಲ್ಲಾ ಸರಿಯಾಗಿದೆ ಅಂತ ಅರ್ಥ. ಏನಾದ್ರೂ ಮಾತಾಡಿದ್ರೆ ಮಾತ್ರ ಭಯಪಡಿ.’ ಇದನ್ನು ಹೇಳುತ್ತಿದ್ದಂತೆ ಸಂಪರ್ಕ ಕಡಿದುಹೋಯಿತು. ಸುಮ್ಮನಿರುವುದೆಂದರೆ ಎಲ್ಲವೂ ಸರಿಯಾಗಿರುವುದು ಎಂಬ ತತ್ವವನ್ನು ಒಪ್ಪಿಕೊಳ್ಳಲು ಕೆಳ ಸಹಿದಾರರಿಗೆ ವೈಯಕ್ತಿಕವಾಗಿ ಕಷ್ಟವಾಗಿದೆ. ಅವರ ಮನೆಯಲ್ಲಿ ಮೌನಕ್ಕೆ ಆ ಅರ್ಥ ಮದುವೆಯಾದಂದಿನಿಂದ ಒಮ್ಮೆಯೂ ಇದ್ದದ್ದಿಲ್ಲ. ಆದರೂ ಯಂತ್ರದ ಮಟ್ಟಿಗೆ ಇದನ್ನು ಎಲ್ಲರೂ ಪಾಲಿಸತಕ್ಕದ್ದು. ಮೌನದ ಅವಧಿಯಲ್ಲಿ ಪರದೆಯನ್ನು ತಟ್ಟುವುದು, ಅದರ ಹಿಂಬದಿ ಇಣುಕುವುದು, ‘ಏನಾಯ್ತು ಹೇಳಪ್ಪಾ’ ಎಂದು ಓಲೈಸುವುದು ಇವುಗಳನ್ನು ನಿಷೇಧಿಸಲಾಗಿದೆ.

೮. ನೆನಪೋಲೆಗಳ ಬಗ್ಗೆ: ಪತ್ರಕ್ಕೆ ಉತ್ತರ ಬಾರದಿದ್ದರೆ ನೆನಪೋಲೆ ಕಳುಹಿಸುವುದು, ಅದಕ್ಕೂ ಬಾರದಿದ್ದರೆ ಎರಡನೆಯ ನೆನಪೋಲೆ ಕಳುಹಿಸುವುದು ನಮ್ಮ ಕಚೇರಿಯ ಉತ್ತಮ ಪದ್ಧತಿ. ಇದರಲ್ಲಿ ಎತ್ತಿದ ಕೈ ಎಂದರೆ ನಮ್ಮ ಅಧೀಕ್ಷಕರು. ಪ್ರೀತಿಯಿಂದಲೂ ಭಯದಿಂದಲೂ ಅವರನ್ನು ನೆನಪೋಲೆ ಮೇಡಂ ಎನ್ನುವುದು ಅವರಿಗೂ ಗೊತ್ತು. ಸ್ಕ್ರಿಪ್ಟ್ ಓಡಿಸಿದಾಗ ಪರದೆಯಿಂದ ಉತ್ತರ ಬರದ ಕಾರಣ ಮೇಡಂ ಅವರು ಮೇಲ್ಬಾಣದ ಕೀಲಿ ಒತ್ತಿದರು. ಹಾಗೆ ಒತ್ತಿದರೆ ಹಿಂದಿನ ಆಜ್ಞೆ ತಾನಾಗಿ ಮತ್ತೆ ಬರುತ್ತದೆ. ಅದನ್ನು ಮತ್ತೆ ಕಳುಹಿಸಿ, ಕಾಗದದ ಮೇಲೆ ‘ನೆನಪೋಲೆ ೧’ ಎಂದು ಗುರುತು ಮಾಡಿಕೊಂಡರು. ಉತ್ತರವಿಲ್ಲ. ಮತ್ತೆ ಒತ್ತಿದರು. ಊಟಕ್ಕೆ ಏಳುವ ಹೊತ್ತಿಗೆ ‘ನೆನಪೋಲೆ ೮’ ಹೋಗಿತ್ತು.

ಸ್ಕ್ರಿಪ್ಟ್ ಪ್ರತಿ ಸಲ ಓಡಿದಾಗಲೂ ತನ್ನ ಉತ್ತರವನ್ನು ಉತ್ತರದ ಫೈಲಿಗೆ ಸೇರಿಸುತ್ತದೆ. ವರದಿ ತೆಗೆಯುವಾಗ ಆ ಫೈಲಿನಲ್ಲಿ ಇರುವುದನ್ನೆಲ್ಲ ಕೂಡಲಾಗುತ್ತದೆ. ಈ ವಿಷಯ ಯಾರಿಗೂ ಹೊಳೆಯಲಿಲ್ಲ. ಸಂಜೆ ವರದಿ ತೆಗೆದಾಗ, ನಮ್ಮ ಗೇಟಿನ ಮುಂದೆ ದಿನಕ್ಕೆ ಸರಾಸರಿ ಐದು ಸಾವಿರದ ಐನೂರ ಎಂಟು ಮಂದಿ ರಸ್ತೆ ದಾಟುತ್ತಾರೆ ಎಂದು ಬಂತು. ಕಚೇರಿಯಲ್ಲಿ ಚಪ್ಪಾಳೆ ಬಿತ್ತು. ದಾಖಲೆ ಕೊಠಡಿಯ ಅಣ್ಣನವರು ಕೆಳಗೆ ಓಡಿ ಹೋಗಿ ಬಾವುಟದಕ್ಕನಿಗೆ ಸುದ್ದಿ ಮುಟ್ಟಿಸಿದರು. ಆಕೆ ಒಂದು ಲಾರಿಯನ್ನು ತಡೆದು ನಿಂತೇ ಹೇಳಿದ್ದು: ‘ಐದು ಸಾವಿರಾನಾ? ಅಷ್ಟು ಜನಾನ ದಾಟಿಸಿದ್ರೆ ನನ್ನ ಕೈ ಉಳೀತಿತ್ತೇನ್ರಿ? ಸರಿಯಾಗಿ ನೋಡ್ಕೊಂಡು ಬನ್ನಿ ಹೋಗಿ.’

ಸರಿಯಾಗಿ ನೋಡಲಾಯಿತು. ಮೊದಲ ಸಲದ್ದೂ ಸೇರಿ ಸ್ಕ್ರಿಪ್ಟ್ ಒಂಬತ್ತು ಸಲ ಓಡಿತ್ತು; ಒಂದೇ ಉತ್ತರ ಒಂಬತ್ತು ಸಲ ಕೂಡಿತ್ತು. ಯಂತ್ರಕ್ಕೆ ನೆನಪೋಲೆ ಕಳುಹಿಸುವುದನ್ನು ಅಂದೇ ನಿಷೇಧಿಸಲಾಯಿತು. ಇಲ್ಲಿ ದಾಖಲಿಸಲೇಬೇಕಾದ ಸಂಗತಿ ಒಂದಿದೆ. ‘ಸಾರ್, ಹೇಗೂ ಬಂದಿದೆ, ಹಾಗೇ ಕಳಿಸಿಬಿಡೋಣ, ಪಾಪ ಅಕ್ಕನ ಕೆಲಸ ಉಳಿಯುತ್ತೆ’ ಎಂದು ಇಡೀ ಕಚೇರಿ ಕೆಳ ಸಹಿದಾರರ ಮೇಜಿನ ಸುತ್ತ ನಿಂತಿತು. ಕೆಳ ಸಹಿದಾರರಿಗೂ ಕಳುಹಿಸುವ ಆಸೆ ಆಯಿತು. ಬಹಳ ಆಯಿತು. ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಆದರೆ ಈ ಇಲಾಖೆಯಲ್ಲಿ ಲಿಫ್ಟ್ ಸುಳ್ಳು, ಗೋಡೆ ಗಡಿಯಾರ ಸುಳ್ಳು, ಹಾಜರಿ ವೇಳೆ ಬಹುತೇಕ ಸುಳ್ಳು, ಸಂಖ್ಯೆಯೊಂದೇ ನಿಜ. ಅದನ್ನೂ ಬಿಟ್ಟರೆ ನಾವು ಎಣಿಕೆ ಇಲಾಖೆ ಎಂಬ ಬೋರ್ಡು ಇಳಿಸಿ ಮನೆಗೆ ಹೋಗಬೇಕಾಗುತ್ತದೆ. ಉತ್ತರದ ಫೈಲನ್ನು ಅಳಿಸಲು ಆದೇಶಿಸಲಾಯಿತು. ಆ ದಿನ ಕೆಳ ಸಹಿದಾರರ ಟೇಬಲ್ಲಿಗೆ ಚಹಾ ಬರಲಿಲ್ಲ.

೯. ಸ್ಕ್ರಿಪ್ಟನ್ನು ನಡುವೆ ನಿಲ್ಲಿಸಬೇಕಾದಾಗ ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತತಕ್ಕದ್ದು. ಪ್ಲಗ್ಗನ್ನು ಕೀಳತಕ್ಕದ್ದಲ್ಲ. ಮೇನ್ ಸ್ವಿಚ್ಚನ್ನಂತೂ ಮುಟ್ಟಲೇಬಾರದು. ಕಳೆದ ಬುಧವಾರ ಕೆಳಗಿನ ಮಹಡಿಯ ದಂತವೈದ್ಯರ ಕುರ್ಚಿ ಅರ್ಧಕ್ಕೆ ಮಲಗಿ ನಿಂತುಬಿಟ್ಟಿತ್ತು, ಅದರಲ್ಲಿ ಒಬ್ಬರು ಇದ್ದರು.

೧೦. ಯಂತ್ರ ಇಂಗ್ಲಿಷಿನಲ್ಲಿ ಹತ್ತು ಸಾಲು ಮಾತಾಡಿದರೆ ಅದು ತಪ್ಪಿನ ಸಂದೇಶ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಪೂರ್ತಿ ಓದಲಾಗದವರು ಕೊನೆಯ ಸಾಲು ಮಾತ್ರ ಓದತಕ್ಕದ್ದು. ವಿಷಯ ಸಾಮಾನ್ಯವಾಗಿ ಅಲ್ಲಿರುತ್ತದೆ. ಈ ಕಚೇರಿಯ ಪತ್ರಗಳೂ ಹಾಗೆಯೇ ಇರುವುದರಿಂದ ರೂಢಿಯಾಗಲು ತಡವಾಗದು. ತಪ್ಪಿನ ಸಂದೇಶ ಕೊಟ್ಟಿದ್ದಕ್ಕಾಗಿ ಯಂತ್ರಕ್ಕೆ ಕಾರಣ ಕೇಳಿ ನೋಟಿಸ್ ಜಾರಿ ಮಾಡಿರುವುದನ್ನು ಈ ಮೂಲಕ ಹಿಂಪಡೆಯಲಾಗಿದೆ. ಏಳು ದಿನದೊಳಗೆ ಅದು ಉತ್ತರಿಸದೇ ಇದ್ದುದನ್ನು ಉದ್ಧಟತನವೆಂದು ಪರಿಗಣಿಸತಕ್ಕದ್ದಲ್ಲ.

೧೧. ಅಳಿಸಿದ ಮೇಲೆ ಸ್ಕ್ರಿಪ್ಟನ್ನು ಒಂದೇ ಒಂದು ಸಲ, ಸಾಕ್ಷಿಗಳ ಸಮ್ಮುಖದಲ್ಲಿ ಓಡಿಸಲಾಯಿತು. ಪರದೆ ಸುಮ್ಮನಿತ್ತು. ನೆನಪೋಲೆ ಮೇಡಂ ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಬಂದ ಸರಾಸರಿ ಆರುನೂರ ಹನ್ನೆರಡು.

ಆರುನೂರ ಹನ್ನೆರಡಕ್ಕೆ ಹುದ್ದೆ ಉಳಿಯುವುದಿಲ್ಲ. ಈ ಸಂಖ್ಯೆಯನ್ನು ಬಾವುಟದಕ್ಕನಿಗೆ ಹೇಳಲು ಯಾರೂ ಒಪ್ಪದ ಕಾರಣ ಕೆಳ ಸಹಿದಾರರೇ ಹೋಗಬೇಕಾಯಿತು. ಹೇಳಿದ್ದನ್ನು ಕೇಳಿ ಆಕೆ ಬಾವುಟವನ್ನು ಕೋಲಿಗೆ ಸುತ್ತಿಕೊಂಡರು. ಆಮೇಲೆ, ‘ನನ್ನ ಹೊಟ್ಟೆಪಾಡಿನ ಮಾತು ಬಿಡಿ ಸಾಹೇಬ್ರೇ, ಎಲ್ಲಾದ್ರೂ ಕೆಲಸ ಮಾಡ್ಕೊಂಡಿರ್ತೀನಿ. ಈ ಸ್ಕೂಲ್ ಮಕ್ಕಳನ್ನ ದಾಟಿಸೋರು ಯಾರು? ಅವು ಒಂದೂ ಆ ಕಡೆ ಈ ಕಡೆ ನೋಡಲ್ಲ, ನಿಮ್ಮ ಥರಾನೇ’ ಎಂದರು. ಇದನ್ನು ಕೇಳಿದ ಕೆಳ ಸಹಿದಾರರು ಮೂರು ಮಹಡಿ ಹತ್ತಿ ಬಂದು ತಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದನ್ನು ಅರ್ಧ ದಿನದ ರಜೆಯೆಂದು ಪರಿಗಣಿಸತಕ್ಕದ್ದಲ್ಲ.

೧೨. ವರದಿ ಕಳುಹಿಸುವ ಕೊನೆಯ ದಿನ ಮಧ್ಯಾಹ್ನ ನೆನಪೋಲೆ ಮೇಡಂ ಅವರು ಕಂಡಿಕೆ ೮ರ ನಿಷೇಧವನ್ನು ಮೀರಿ, ಯಾರಿಗೂ ಹೇಳದೆ, ಕಪ್ಪು ಪರದೆಯ ಮುಂದೆ ಕುಳಿತರು. ಅವರ ವಾದ, ಅವರೇ ಆಮೇಲೆ ಹೇಳಿದಂತೆ: ‘ಎಂಟು ಸಲಾನೂ ಬರೀ ಅದೇ ಕಾಗದ ಕಳಿಸಿದ್ದೆ. ವಿಷಯ ತುರ್ತು ಅಂತ ಮೇಲೆ ಬರೆದೇ ಇರಲಿಲ್ಲ. ಬರೀದೇ ಹೋದ್ರೆ ಯಾರು ತಾನೇ ಗಮನ ಕೊಡ್ತಾರೆ?’ ಹೀಗೆ ಯೋಚಿಸಿ ಅವರು ಎಂದಿನ ಆಜ್ಞೆಯ ಕೊನೆಯಲ್ಲಿ, ಸ್ಕ್ರಿಪ್ಟಿನ ಹೆಸರಾದ ಮೇಲೆ ಒಂದು ಜಾಗ ಬಿಟ್ಟು, ‘ತುರ್ತು’ ಎಂಬ ಪದವನ್ನೂ ಸೇರಿಸಿ ಎಂಟರ್ ಒತ್ತಿದರು.

ಯಂತ್ರ ಮಾತಾಡಿತು. ಅದೂ ಕನ್ನಡದಲ್ಲಿ. ಪರದೆಯ ಮೇಲೆ ಬಂದ ಸಾಲುಗಳನ್ನು ಯಥಾವತ್ತಾಗಿ ಕೆಳಗೆ ಕೊಡಲಾಗಿದೆ:

‘ತುರ್ತು ಅಂದ್ರೆ ಎಷ್ಟು ಗಂಟೆ? ಅರ್ಥ ಆಗ್ಲಿಲ್ಲ. ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎಣಿಸಬೇಕು ಅಂತ ಹೆಸರಿನ ಮುಂದೆ ಎರಡು ಅಂಕಿ ಬರೀರಿ. ಏನೂ ಬರೀದಿದ್ರೆ ಆಫೀಸ್ ಟೈಮು, ಹತ್ತರಿಂದ ಐದು ಅಂತ ಹಿಡ್ಕೋತೀನಿ.’

ಈ ಸಾಲುಗಳನ್ನು ಪ್ರೋಗ್ರಾಮರ್ ಅವರು ಎಂದೋ ಸ್ಕ್ರಿಪ್ಟಿನೊಳಗೆ ಬರೆದಿಟ್ಟಿದ್ದರು. ಹಸಿರು ಗುಂಡಿಯಿಂದ ಓಡಿಸುವಾಗ ಹೆಸರಿನ ಮುಂದೆ ಏನನ್ನೂ ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ಈ ಮಾತನ್ನು ಕೇಳಿಸಿಕೊಂಡವರೂ ಇರಲಿಲ್ಲ. ಎಣಿಕೆ ಪೆಟ್ಟಿಗೆ ಬೆಳಗಿನಿಂದ ರಾತ್ರಿಯವರೆಗೆ ಎಲ್ಲರನ್ನೂ ಗುರುತು ಹಾಕಿಕೊಳ್ಳುತ್ತಿತ್ತು. ಆದರೆ ಲೋಕದಲ್ಲಿ ಏನೇ ನಡೆದರೂ ಕಚೇರಿ ವೇಳೆಯಲ್ಲೇ ನಡೆಯುತ್ತದೆ ಎಂಬ ಸದ್ಭಾವನೆಯಿಂದ, ನಾವು ಇಷ್ಟು ವರ್ಷ ಹತ್ತಕ್ಕೆ ಮುಂಚೆ ಮತ್ತು ಐದರ ನಂತರ ದಾಟಿದವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಒಂಬತ್ತಕ್ಕೆ ಮೊದಲು ದಾಟುವ ಶಾಲೆಯ ಮಕ್ಕಳು ಲೆಕ್ಕದಲ್ಲಿರಲಿಲ್ಲ. ಎಂಟರ ಪಾಳಿಗೆ ಹೋಗುವ ಹೊಲಿಗೆ ಕಾರ್ಖಾನೆಯ ಹೆಂಗಸರು ಇರಲಿಲ್ಲ. ಹತ್ತಕ್ಕೆ ಸ್ವಲ್ಪ ಮುಂಚೆ ಬರುವ ಈ ಕಚೇರಿಯ ಸಿಬ್ಬಂದಿಯೂ ಇರಲಿಲ್ಲ. ಹತ್ತರ ನಂತರ ಬರುವವರು ಮಾತ್ರ ಇದ್ದರು. ಅವರ ಹೆಸರುಗಳನ್ನು ಸದ್ಯಕ್ಕೆ ಗೋಪ್ಯವಾಗಿಡಲಾಗಿದೆ.

ಇದನ್ನು ಕಂಡು ಮೇಡಂ ಅವರು ಕೂಗಿದ ಕೂಗಿಗೆ ಕೆಳಗಿನ ದಂತವೈದ್ಯರು ತಮ್ಮ ರೋಗಿಯದೇ ಎಂದು ಭಾವಿಸಿ ಕ್ಷಮೆ ಕೇಳಿದರೆಂದು ತಿಳಿದುಬಂದಿದೆ. ನಿಯಮ ಉಲ್ಲಂಘಿಸಿ ಯಂತ್ರಕ್ಕೆ ನೆನಪೋಲೆ ಕಳುಹಿಸಿದ್ದಕ್ಕಾಗಿ ಮೇಡಂ ಅವರಿಗೆ ಎಚ್ಚರಿಕೆ ನೀಡಲಾಗಿದೆ. ಅದೇ ಕೆಲಸಕ್ಕಾಗಿ ಪ್ರಶಂಸಾ ಪತ್ರವನ್ನೂ ನೀಡಲಾಗಿದೆ. ಎರಡಕ್ಕೂ ಅವರು ಸ್ವೀಕೃತಿ ಕೊಟ್ಟಿದ್ದಾರೆ.

೧೩. ಬಾವುಟದಕ್ಕನ ಕೆಲಸದ ವೇಳೆ ಏಳರಿಂದ ಏಳು ಆಗಿರುವುದರಿಂದ, ಸ್ಕ್ರಿಪ್ಟಿನ ಹೆಸರಿನ ಮುಂದೆ ೭ ಎಂದೂ, ಜಾಗ ಬಿಟ್ಟು ೧೯ (ಯಂತ್ರದ ಪಾಲಿನ ಸಂಜೆ ಏಳು) ಎಂದೂ ಬರೆದು, ಹಳೆಯ ಉತ್ತರವನ್ನು ಅಳಿಸಿ, ಒಂದು ಸಲ ಓಡಿಸಲಾಯಿತು. ಎಂಟರ್ ಒತ್ತುವ ಗೌರವವನ್ನು ಕೆಳ ಸಹಿದಾರರು ನೆನಪೋಲೆ ಮೇಡಂ ಅವರಿಗೆ ಬಿಟ್ಟುಕೊಟ್ಟರು. ಪರದೆ ಸುಮ್ಮನಿತ್ತು. ನಾವೂ ಸುಮ್ಮನಿದ್ದೆವು. ಆ ಮೌನದಷ್ಟು ಉದ್ದದ ಮೌನ ಈ ಕಚೇರಿಯಲ್ಲಿ ಆಡಿಟ್ ಕಾಲದಲ್ಲೂ ಆಗಿರಲಿಲ್ಲ. ಉತ್ತರದ ಫೈಲು ತೆರೆದಾಗ ಬಂದ ಸರಾಸರಿ ಒಂದು ಸಾವಿರದ ನಾಲ್ಕುನೂರ ಎಂಬತ್ತಾರು.

ಯಾರೂ ನಂಬಲಿಲ್ಲ. ಒಮ್ಮೆ ಮೋಸ ಹೋದವರಾದ್ದರಿಂದ ಸಂತೋಷವನ್ನು ತಡೆಹಿಡಿಯಲಾಯಿತು. ಪೆಟ್ಟಿಗೆಯ ಒಂದು ದಿನದ ಗುರುತುಗಳನ್ನು ಮುದ್ರಿಸಿ ತೆಗೆದು, ಉದ್ದನೆಯ ಮೇಜಿನ ಮೇಲೆ ಹರಡಿ, ಇಡೀ ಕಚೇರಿ ಕೂತು ಬೆರಳಿಟ್ಟು ಎಣಿಸಿತು. ಕೈಯಲ್ಲಿ ಎಣಿಸುವುದು ಎಷ್ಟು ಜನಕ್ಕೆ ಇನ್ನೂ ನೆನಪಿದೆ ಎಂದು ಕಂಡು ಕೆಳ ಸಹಿದಾರರಿಗೆ ಹೆಮ್ಮೆಯಾಯಿತು. ಆ ದಿನದ ಲೆಕ್ಕ ಯಂತ್ರದ ಲೆಕ್ಕಕ್ಕೆ ಒಂದೂ ಹೆಚ್ಚು ಕಡಿಮೆಯಿಲ್ಲದೆ ತಾಳೆಯಾಯಿತು. ಆಮೇಲೆ ಸಂತೋಷಪಡಲು ಅನುಮತಿ ನೀಡಲಾಯಿತು. ಅಂದು ಸಂಜೆಯೊಳಗೆ ವರದಿ ರಸ್ತೆ ಇಲಾಖೆ ಸೇರಿತು. ಹುದ್ದೆಯನ್ನು ಮುಂದುವರಿಸಲಾಗಿದೆ ಎಂಬ ಪತ್ರ ನಿನ್ನೆ ಬಂದಿದೆ.

ಪತ್ರ ಬಂದ ಕೂಡಲೇ ಇಡೀ ಸಿಬ್ಬಂದಿ ಯಾರ ಅನುಮತಿಗೂ ಕಾಯದೆ ಮೆಟ್ಟಿಲಿಳಿದು ಹೋದದ್ದು ಅಶಿಸ್ತು. ಎಲ್ಲರಿಗಿಂತ ಮುಂದೆ ಕೆಳ ಸಹಿದಾರರು ಇದ್ದ ಕಾರಣ ಕ್ರಮ ಜರುಗಿಸಲು ಅಡಚಣೆಯಾಗಿದೆ. ರಸ್ತೆಯ ಅಂಚಿಗೆ ನಿಂತು ಎಲ್ಲರೂ ಒಟ್ಟಿಗೇ ಸುದ್ದಿ ಹೇಳಲು ಹೋಗಿ ಯಾರು ಹೇಳಿದ್ದೂ ಕೇಳಿಸಲಿಲ್ಲ. ಕೊನೆಗೆ ಪತ್ರವನ್ನೇ ಬಾವುಟದಕ್ಕನ ಮುಂದೆ ಹಿಡಿಯಲಾಯಿತು. ಆಕೆ ಎರಡು ಸಲ ಓದಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡು, ‘ಧೂಳು’ ಎಂದರು. ಧೂಳು ಇತ್ತು ಎಂದು ಎಲ್ಲರೂ ಒಪ್ಪಿಕೊಂಡಿದ್ದೇವೆ.

ಅಷ್ಟರಲ್ಲಿ ಎರಡೂ ಕಡೆಯಿಂದ ವಾಹನಗಳು ಹಾರ್ನ್ ಹೊಡೆಯತೊಡಗಿದವು. ‘ಸಂತೋಷ, ಬಹಳ ಸಂತೋಷ. ಆದ್ರೆ ಹೀಗೆ ಗುಂಪು ಕಟ್ಕೊಂಡು ದಾರಿಗಡ್ಡ ನಿಲ್ಬೇಡಿ, ನಡೀರಿ ಆ ಕಡೆ’ ಎಂದು ಅಕ್ಕ ಬಾವುಟ ಎತ್ತಿದರು. ಬಸ್ಸು ನಿಂತಿತು, ಲಾರಿ ನಿಂತಿತು, ಸ್ಕೂಟರುಗಳು ನಿಂತವು. ಆ ಕಡೆ ನಮಗೆ ಯಾರಿಗೂ ಯಾವ ಕೆಲಸವೂ ಇರಲಿಲ್ಲ. ಆದರೂ ಇಡೀ ಎಣಿಕೆ ಇಲಾಖೆ ಸಾಲಾಗಿ, ತಲೆ ಬಗ್ಗಿಸಿ, ರಸ್ತೆ ದಾಟಿತು. ಸ್ವಲ್ಪ ಹೊತ್ತು ಬಸ್ ನಿಲ್ದಾಣದಲ್ಲಿ ನಿಂತಿದ್ದು, ಆಕೆ ಮತ್ತೆ ಬಾವುಟ ಎತ್ತಿದಾಗ ವಾಪಸು ದಾಟಿತು. ಈ ಎರಡೂ ದಾಟುವಿಕೆಗಳನ್ನು ಕರ್ತವ್ಯದ ಮೇಲೆ ಎಂದು ಪರಿಗಣಿಸಲು ಈ ಮೂಲಕ ಮಂಜೂರಾತಿ ನೀಡಲಾಗಿದೆ.

(ಸಹಿ)
ಉಪನಿರ್ದೇಶಕರು,
ಎಣಿಕೆ ಇಲಾಖೆ, ನಗರ ಶಾಖೆ

ಪ್ರತಿಗಳು:

೧. ರಸ್ತೆ ಇಲಾಖೆ: ಮಾಹಿತಿಗಾಗಿ. ದುಂಡಗಲ್ಲದ ಸಂಖ್ಯೆಗಳೂ ಇರುತ್ತವೆ ಎಂಬುದನ್ನು ಗಮನಿಸಲು ಕೋರಿದೆ.
೨. ಪ್ರೋಗ್ರಾಮರ್, ಮೀನುಗಾರಿಕೆ ಇಲಾಖೆ: ಕೃತಜ್ಞತೆಯೊಂದಿಗೆ. ದಡಕ್ಕೆ ಬಂದಾಗ ಓದುವುದು.
೩. ಅಧೀಕ್ಷಕರು: ಎರಡು ಪ್ರತಿ. ಒಂದು ಎಚ್ಚರಿಕೆಯ ಕಡತಕ್ಕೆ, ಒಂದು ಪ್ರಶಂಸೆಯ ಕಡತಕ್ಕೆ.
೪. ದಾಖಲೆ ಕೊಠಡಿಯ ಅಣ್ಣನವರು: ಕಡತದಲ್ಲಿ ಇಡಲು. ಅಂಟಿಸಲು ಅಲ್ಲ.
೫. ದಂತವೈದ್ಯರು, ಎರಡನೆಯ ಮಹಡಿ: ವಿಷಾದದೊಂದಿಗೆ.
೬. ಎಲೆಕ್ಟ್ರಿಷಿಯನ್: ಹೊಸ ಟ್ಯೂಬ್‌ಲೈಟ್ ಚೆನ್ನಾಗಿ ಉರಿಯುತ್ತಿದೆ.
೭. ಸೂಚನಾ ಫಲಕ, ನೀರಿನ ಫಿಲ್ಟರಿನ ಹಿಂದಿನದು.
೮. ಬಾವುಟದಕ್ಕ: ಖುದ್ದಾಗಿ ಕೈಗೆ ಕೊಡತಕ್ಕದ್ದು, ಬಾವುಟ ಇಳಿಸಿರುವಾಗ ಮಾತ್ರ, ಮತ್ತು ಹತ್ತು ಗಂಟೆಗೆ ಮುಂಚೆ.